ನಂದಿಯಿಂದ ಕೆಳಗೆ

ನಾನು ಆ ಷೇರು ಕೊಂಡಿದ್ದು ಒಂದಕ್ಕೆ ಸರಿಯಾಗಿ 1,000 ರೂಪಾಯಿಯಂತೆ. ಒಟ್ಟು 50 ಷೇರು. ಯಾಕೆ ಕೊಂಡೆ ಅಂತ ಮಾತ್ರ ಕೇಳಬೇಡಿ. ಅದೊಂದು ಇಂಟರ್ನೆಟ್ ಕಂಪನಿ, ಮಗಳ ಫೋನಿನಲ್ಲಿ ಅದರ ಆ್ಯಪ್ ಇತ್ತು. ಅಷ್ಟೇ ನಾನು ಮಾಡಿದ ಅಧ್ಯಯನ. ಕಂಪನಿ ಇನ್ನೂ ಒಂದು ರೂಪಾಯಿ ಲಾಭ ಕಂಡಿಲ್ಲ ಅನ್ನೋದು ಕೊಂಡ ಮೇಲೆ ಗೊತ್ತಾಯಿತು.

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಾವು ಮೂವರು ವಾಕಿಂಗ್ ಹೋಗುತ್ತೇವೆ. ರಿಟೈರ್ ಆದ ಗಣಿತದ ಮೇಷ್ಟ್ರು, ಇನ್ಶೂರೆನ್ಸ್ ಮಾಡಿಸುವ ಶೆಟ್ಟರು, ನಾನು. ನನ್ನ ಮಾತು ಕೇಳಿ ಅವರಿಬ್ಬರೂ ಅದೇ ಷೇರು ಕೊಂಡರು. ಪಾಪ. ಆಮೇಲಿಂದ ನಡೆಯೋದು ಕಡಿಮೆ, ಕಲ್ಲುಬೆಂಚಿನ ಮೇಲೆ ಕೂರೋದು ಜಾಸ್ತಿ.

ದರ ಹೇಳಲು ಶೆಟ್ಟರು ಒಂದು ಗುಟ್ಟಿನ ಭಾಷೆ ಕಂಡುಹಿಡಿದರು. ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು, ಷೇರಿಗೂ ಸಾವಿರ ರೂಪಾಯಿ. ಹಾಗಾಗಿ 700 ಅಂದರೆ ಆ ಮೆಟ್ಟಿಲ ಹತ್ತಿರದ ನಂದಿ. ಮನೆಯವರ ಮುಂದೆಯೇ ಫೋನಿನಲ್ಲಿ ಮಾತಾಡಬಹುದು.

"ಎಲ್ಲಿದೆ ಸಾರ್?"

"ನಂದಿ ದಾಟಿ ಕೆಳಗೆ ಬಂತು."

ಒಂದು ದಿನ ಹೆಂಡತಿ ಕೇಳಿಸಿಕೊಂಡಳು. "ಮಂಡಿ ನೋವು ಅಂತೀರಿ, ದಿನಾ ಬೆಟ್ಟ ಹತ್ತುತ್ತೀರಾ?"

"ಹತ್ತೋದಲ್ಲ ಕಣೇ, ಬರೀ ಇಳಿಯೋದು."

500ಕ್ಕೆ ಬಂದಾಗ ವಾದ ಬಿಸಿಯಾಯಿತು. ಶೆಟ್ಟರು ಆವರೇಜ್ ಪಕ್ಷ. "ಇನ್ನೈವತ್ತು ತಗೊಂಡುಬಿಡಿ, ನಿಮ್ಮ ಸರಾಸರಿ 750ಕ್ಕೆ ಇಳಿಯುತ್ತೆ." ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ ನೀರು ಸುರಿಯುತ್ತಾ ಹೋಗುವ ಲೆಕ್ಕ ಇದು. ಉಪ್ಪೇನೋ ಕಡಿಮೆಯಾಗುತ್ತೆ, ಅಷ್ಟು ಸಾರು ಉಣ್ಣೋರು ಯಾರು?

ಮೇಷ್ಟ್ರದು ಹೋಲ್ಡ್ ಪಕ್ಷ. "ಮಾರಿದರೆ ತಾನೇ ನಷ್ಟ? ಮಾರದಿದ್ದರೆ ಅದು ಬರೀ ಕಾಗದದ ನಷ್ಟ." ಅರ್ಧಕ್ಕೆ ಬಿದ್ದದ್ದು ಮೊದಲಿನ ಜಾಗಕ್ಕೆ ಹೋಗಬೇಕಾದರೆ ನೂರಕ್ಕೆ ನೂರು ಏರಬೇಕು. ಈ ಲೆಕ್ಕ ಮಕ್ಕಳಿಗೆ ಹೇಳಿಕೊಟ್ಟವರು ತಮ್ಮ ಷೇರಿನ ವಿಷಯದಲ್ಲಿ ಮರೆತೇಬಿಟ್ಟಿದ್ದರು. ಅವರ ಬಾಯಲ್ಲಿ ಯಾವಾಗಲೂ ಅಮೆಜಾನ್. "1999ರಲ್ಲಿ ನೂರು ಡಾಲರ್ ದಾಟಿತ್ತು. 2001ರಲ್ಲಿ ಆರು ಡಾಲರ್! ಆಗ ಹೆದರಿ ಮಾರಿದವರು ಈಗ ಏನು ಮಾಡ್ತಿರಬಹುದು ಹೇಳಿ?"

ನಾನೂ ಸುಮ್ಮನಿರಲಿಲ್ಲ. ರಾತ್ರಿ ಕೂತು ಓದಿಕೊಂಡು ಬಂದೆ. ಪೆಟ್ಸ್ ಡಾಟ್ ಕಾಮ್ ಅಂತ ಒಂದು ಇಂಟರ್ನೆಟ್ ಕಂಪನಿ ಇತ್ತು, 2000ದ ಫೆಬ್ರವರಿಯಲ್ಲಿ ಷೇರು ಮಾರುಕಟ್ಟೆಗೆ ಬಿಟ್ಟು ಅದೇ ನವೆಂಬರಿನಲ್ಲಿ ಬಾಗಿಲು ಹಾಕಿತು. ಅದನ್ನು ಹೋಲ್ಡ್ ಮಾಡಿದವರು ಏನು ಮಾಡ್ತಿರಬಹುದು? ಇನ್ನು 2000ದ ಮಾರ್ಚ್‌ನಲ್ಲಿ 5,000 ದಾಟಿದ್ದ ನಾಸ್ಡಾಕ್ ಅನ್ನೋ ಅಮೆರಿಕದ ಷೇರು ಸೂಚ್ಯಂಕ ಬಿದ್ದು, ಆ ಎತ್ತರಕ್ಕೆ ವಾಪಸ್ ಬಂದದ್ದು 2015ರಲ್ಲಿ. ಹದಿನೈದು ವರ್ಷ! ನನಗೀಗ 63.

"ತಾಳ್ಮೆ ಬೇಕು," ಅಂದರು ಮೇಷ್ಟ್ರು.

ತಾಳಿದೆ. 9.15ಕ್ಕೆ ಮಾರ್ಕೆಟ್ ಶುರುವಾಗುವ ಹೊತ್ತಿಗೆ ಸರಿಯಾಗಿ ಸ್ನಾನಕ್ಕೆ ಹೋಗುವ ಅಭ್ಯಾಸ ಮಾಡಿಕೊಂಡೆ. ಆ್ಯಪ್ ತೆಗೆದು ಹಾಕಿದೆ, ಮತ್ತೆ ಹಾಕಿಕೊಂಡೆ. ಷೇರು 400ಕ್ಕೆ ಬಂತು. ಬೆಟ್ಟದ ಬುಡದ ಎಳನೀರಿನ ಗಾಡಿ ಕಾಣಿಸುವಷ್ಟು ಹತ್ತಿರ ಬಂದೆವು ಅಂತ ಶೆಟ್ಟರು ನಕ್ಕರು. ಅವರಿಗೆ ನಗು ಹೇಗೆ ಬರುತ್ತೆ ಅಂತ ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮೊನ್ನೆ ಜುಲೈನಲ್ಲಿ ಮಾತು ಇನ್‌ಕಮ್ ಟ್ಯಾಕ್ಸ್ ಕಡೆ ಹೊರಳಿತು. ಮೇಷ್ಟ್ರು ಹುರುಪಿನಲ್ಲಿದ್ದರು. "ರಿಟರ್ನ್ ಮಾತ್ರ ಟೈಮಿಗೆ ಹಾಕಿಬಿಡಿ. ಷೇರಿನ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ತಗೊಂಡು ಹೋಗಿ, ಮುಂದೆ ಬರುವ ಷೇರಿನ ಲಾಭದಲ್ಲಿ ಕಳೆಯಬಹುದು. ನಮ್ಮ ಆಡಿಟರ್ ನನಗೆ ಹಾಗೇ ಮಾಡಿಕೊಟ್ಟರು."

ನಾನು ಒಂದು ನಿಮಿಷ ಯೋಚಿಸಿದೆ.

"ಅಲ್ಲ ಮೇಷ್ಟ್ರೇ, ಮಾರಿದರೆ ತಾನೇ ನಷ್ಟ?"

ಮೇಷ್ಟ್ರು ಕೆರೆಯ ಕಡೆ ತಿರುಗಿದರು. "ಎಷ್ಟೊಂದು ಹೆಜ್ಜಾರ್ಲೆ ನೋಡಿ ಇವತ್ತು," ಅಂದರು.

ಶೆಟ್ಟರೂ ಆ ಕಡೆಯೇ ತಿರುಗಿದರು. ಯಾಕೋ ತುಂಬಾ ಹೊತ್ತು ನೋಡಿದರು.