ಒಬ್ಬನನ್ನು ಹೊರಗೆ ಹಾಕಿದ ಖುಷಿ

ನಮ್ಮ ಹಳೇ ಸಹಪಾಠಿಗಳ ವಾಟ್ಸಾಪ್ ಗ್ರೂಪಿನ ಬಗ್ಗೆ ಇಲ್ಲಿ ಎಷ್ಟು ಸಲ ಗೊಣಗಿದ್ದೇನೋ ನಿಮಗೇ ಗೊತ್ತು. ಉಸಿರಾಡದೆ ಬಿದ್ದಿದ್ದ ಆ ಗ್ರೂಪಿಗೆ ಮೊನ್ನೆ ಜೀವ ಬಂತು. ಗೆಳೆಯನೊಬ್ಬನ ತಂದೆ ತೀರಿಕೊಂಡ ಸುದ್ದಿಯ ಕೆಳಗೇ ಒಬ್ಬ ಪುಣ್ಯಾತ್ಮ, ಮೇಲೆ ಏನಿದೆ ಅಂತ ನೋಡದೆ, ಗಂಡ-ಹೆಂಡತಿ ಜೋಕ್ ಫಾರ್ವರ್ಡ್ ಮಾಡಿಬಿಟ್ಟ.

ಸಂತಾಪ ಹೇಳಿದವರು 11 ಜನ. ಇವನಿಗೆ ಉಗಿದವರು 60 ದಾಟಿದರು. (ಎಣಿಸಿದೆ. ಅಷ್ಟು ಪುರುಸೊತ್ತು ನನಗಿದೆ.) ಮೂರು ವರ್ಷದಿಂದ ಒಂದಕ್ಷರ ಬರೆಯದವರು ಪುಟಗಟ್ಟಲೆ ಸಭ್ಯತೆಯ ಪಾಠ ಮಾಡಿದರು. ಅವನು ಎರಡು ಸಲ ಕ್ಷಮೆ ಕೇಳಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರಾತ್ರಿ ಅಡ್ಮಿನ್ ಅವನನ್ನು ತೆಗೆದುಹಾಕಿದಾಗ ಚಪ್ಪಾಳೆ ಎಮೋಜಿಗಳ ಸುರಿಮಳೆ! ಸಾವಾದ ಮನೆ ಅಷ್ಟು ಹೊತ್ತಿಗೆ ಯಾರಿಗೂ ನೆನಪಿರಲಿಲ್ಲ.

ಸಣ್ಣ ಊರಿನಲ್ಲಿ ಹಗರಣವಾದರೆ ಜನ ಬೀದಿಯಲ್ಲಿ ನಿಂತು, ಒಬ್ಬರ ಮನೆಗೊಬ್ಬರು ಹೋಗಿ ಒಟ್ಟಿಗೆ ಸಿಟ್ಟಾಗುತ್ತಾರೆ ಅಂತ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1893ರಲ್ಲೇ ಬರೆದಿದ್ದ. ಶಿಕ್ಷೆ ಕೊಡುವುದು ತಪ್ಪು ಮಾಡಿದವನನ್ನು ತಿದ್ದುವುದಕ್ಕಿಂತ ಹೆಚ್ಚಾಗಿ ನೆಟ್ಟಗಿರುವವರ ಸಮಾಧಾನಕ್ಕೆ ಅನ್ನೋದು ಅವನ ವಾದ. ನಮ್ಮ ಗ್ರೂಪನ್ನು ನೋಡಿಯೇ ಬರೆದನೇನೋ. ಜೋಕ್ ಹಾಕಿದವನಿಗೆ ಬುದ್ಧಿ ಕಲಿಸಿದೆವಂತೆ! ನಾವು ಒಬ್ಬರನ್ನೊಬ್ಬರು ಬೆನ್ನು ತಟ್ಟಿಕೊಂಡೆವು, ಅಷ್ಟೇ.

ಬರೀ ವಾಟ್ಸಾಪ್ ಜಗಳ ಅಂತ ನಗಬೇಡಿ. ಅಮೆರಿಕದಲ್ಲಿ ಆಗ ಇಂಗ್ಲಿಷರ ವಸಾಹತಾಗಿದ್ದ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ 1692ರಲ್ಲಿ ಮಾಟ ಮಾಡಿದರು ಅಂತ 19 ಜನರನ್ನು ನೇಣಿಗೇರಿಸಿದರು. 1697ರಲ್ಲಿ ಅದೇ ವಿಚಾರಣೆಯಲ್ಲಿ ಕೂತಿದ್ದ 12 ಪಂಚರು ತಪ್ಪಾಯಿತು ಅಂತ ಸಹಿ ಹಾಕಿ ಕೊಟ್ಟರು. ನೇಣಿಗೆ ಹೋದವರಿಗೆ ಅದರಿಂದ ಏನು ಬಂತು? ತಾವು ಯಾರು ಅನ್ನುವ ಗೊಂದಲ ಎದ್ದಾಗೆಲ್ಲ ಆ ವಸಾಹತಿನವರು ತಮ್ಮೊಳಗೇ ಒಬ್ಬ ಶತ್ರುವನ್ನು ಹುಡುಕಿಕೊಂಡರು ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ಕಾಯ್ ಎರಿಕ್ಸನ್ 1966ರಲ್ಲಿ ತೋರಿಸಿಕೊಟ್ಟ.

"ಹಾಗಾದರೆ ಯಾರು ಏನು ಮಾಡಿದರೂ ಸುಮ್ಮನಿರಬೇಕಾ?" ಅಂತ ಈಗ ಕೇಳುತ್ತೀರಿ. ಬೇಲಿ ಬೇಡ ಅಂದವರು ಯಾರು ಸ್ವಾಮಿ? ಯಾರಾದರೂ ಹಾರಿದಾಗಲೇ ಅದು ಎಲ್ಲಿದೆ ಅಂತ ನಮಗೂ ತಿಳಿಯೋದು, ಒಪ್ಪಿದೆ. "ಲೋ, ತಪ್ಪು ಜಾಗಕ್ಕೆ ಬಿದ್ದಿದೆ, ಅಳಿಸೋ" ಅಂತ ಒಬ್ಬರು ಅಂದಿದ್ದರೆ ಆ ಬೇಲಿ ಮುರಿದು ಬೀಳುತ್ತಿತ್ತಾ? ಆದರೆ ಅಷ್ಟಕ್ಕೇ ಮುಗಿದರೆ ಮಜಾ ಎಲ್ಲಿ!

ಆ 60ರಲ್ಲಿ ನಾನೂ ಒಬ್ಬ. "ಅಸಹ್ಯ ಇದು" ಅಂತ ಬರೆದೆ. ನಾಲ್ಕು ಜನ ಹೆಬ್ಬೆರಳೆತ್ತಿದರು. ಅದರಲ್ಲೊಬ್ಬಳು ಶಾಲೆಯಲ್ಲಿ ನನ್ನನ್ನು ಒಂದು ದಿನವೂ ಮಾತಾಡಿಸಿದವಳಲ್ಲ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಸಂತಾಪ ಹೇಳಿದ 11 ಜನರಲ್ಲಿ ನಾನಿಲ್ಲ.

ಈಗ ಹೊಸ ನಿಯಮ ಬಂದಿದೆ: ರಾತ್ರಿ 9ರ ನಂತರ ಫಾರ್ವರ್ಡ್ ಹಾಕುವಂತಿಲ್ಲ. ನಿನ್ನೆ 9.05ಕ್ಕೆ ಯಾರೋ ಶುಭರಾತ್ರಿ ಅಂತ ಗುಲಾಬಿ ಹೂವಿನ ಚಿತ್ರ ಹಾಕಿದರು. ಒಬ್ಬರಾದ ಮೇಲೆ ಒಬ್ಬರು ಟೈಪ್ ಮಾಡುತ್ತಿರುವುದು ಮೇಲೆ ಕಾಣಿಸತೊಡಗಿತು. ನಾನೂ ಫೋನ್ ಕೆಳಗಿಡಲಿಲ್ಲ.