ಹನೋಯಿಯಲ್ಲಿ ಒಂದು ಬೈಟು

ಊರು ಬಿಟ್ಟು ಹೊರಟರೆ ನನ್ನ ಬ್ಯಾಗಿಗೆ ಮೊದಲು ಹೋಗುವುದು ಬಟ್ಟೆಯಲ್ಲ, ಸ್ಟೀಲಿನ ಕಾಫಿ ಫಿಲ್ಟರ್. ಜೊತೆಗೆ ಅರ್ಧ ಕೆಜಿ ಪುಡಿ, ನೂರಕ್ಕೆ 20 ಭಾಗ ಚಿಕೋರಿ ಹಾಕಿಸಿದ್ದು. ವಿಯೆಟ್ನಾಮಿಗೆ ಹೊರಟಾಗ ಮಗಳು ನಕ್ಕಳು. "ಅಪ್ಪಾ, ಬ್ರೆಜಿಲ್ ಬಿಟ್ರೆ ಪ್ರಪಂಚದಲ್ಲಿ ಜಾಸ್ತಿ ಕಾಫಿ ಬೆಳೆಯೋದು ಅವರೇ" ಅಂದಳು. ಬೆಳೆದರೆ ಆಯಿತೇ, ಡಿಕಾಕ್ಷನ್ ಇಳಿಸೋಕೆ ಬರಬೇಡವೇ? ಮೈಸೂರಿನವನಾದ ನನಗೆ ಈ ವಿಷಯದಲ್ಲಿ ಸ್ವಲ್ಪ ಕೊಬ್ಬು ಇದೆ.

ವಿಮಾನ ಬದಲಿಸುವ ಊರಿನಲ್ಲಿ ಬ್ಯಾಗ್ ತಪಾಸಣೆಯವರು ಫಿಲ್ಟರನ್ನು ಎತ್ತಿ ಹಿಡಿದರು. ಎರಡು ಅಂತಸ್ತು, ತಳದಲ್ಲಿ ತೂತು, ಒಳಗೊಂದು ಕಡ್ಡಿ. ಪಕ್ಕದಲ್ಲಿ ಕಂದು ಬಣ್ಣದ ಪುಡಿ ಬೇರೆ. ಇಬ್ಬರು ಇದ್ದವರು ನಾಲ್ವರಾದರು. ನಾನು ಪುಡಿ ಹಾಕುವುದು, ನೀರು ಸುರಿಯುವುದು, ಹೀರುವುದು, ಕೊನೆಗೆ ಕಣ್ಣುಮುಚ್ಚಿ "ಆಹಾ" ಅನ್ನುವುದು ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಬಿಟ್ಟರು. ಆ ನಾಟಕದ ಗಡಿಬಿಡಿಯಲ್ಲಿ ತೂತಿನ ಡಬ್ಬಿ ಅವರ ಮೇಜಿನ ಮೇಲೆಯೇ ಉಳಿಯಿತು. ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ ಐದೂವರೆಗೆ, ಹನೋಯಿಯ ಹೋಟೆಲ್ ರೂಮಿನಲ್ಲಿ, ಕೆಟಲ್‌ನಲ್ಲಿ ನೀರು ಕುದಿಯುತ್ತಿರುವಾಗ.

"ನೀವು ಅಭಿನಯ ಮಾಡೋವಾಗಲೇ ಅಂದ್ಕೊಂಡೆ" ಅಂದಳು ನನ್ನಾಕೆ. ಏನು ಅಂದುಕೊಂಡಳು ಅಂತ ನಾನು ಕೇಳಲಿಲ್ಲ.

ಕಾಫಿಯಿಲ್ಲದ ತಲೆ ಹೊತ್ತು ಹಳೇ ಪೇಟೆಗೆ ಹೊರಟೆವು. ಇಲ್ಲಿನ ಎಷ್ಟೋ ಬೀದಿಗಳ ಹೆಸರು 'ಹಾಂಗ್' ಅಂತ ಶುರುವಾಗುತ್ತವೆ. ಹಾಂಗ್ ಅಂದರೆ ಸರಕು. ಹಾಂಗ್ ಬಾಕ್ ಬೆಳ್ಳಿಯ ಬೀದಿ, ಹಾಂಗ್ ಡೂಂಗ್ ಸಕ್ಕರೆಯದು. ನಮ್ಮ ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ ಇದ್ದ ಹಾಗೆ. ಹೆಸರು ಮಾತ್ರ ಅಲ್ಲ, ಫುಟ್‌ಪಾತಿನ ಮೇಲೆ ಸ್ಕೂಟರ್ ನಿಲ್ಲಿಸುವುದರಲ್ಲೂ ನೆಂಟಸ್ತನ ಕಂಡಿತು. ರಸ್ತೆ ದಾಟುವುದಕ್ಕೆ ಅಲ್ಲಿ ಒಂದೇ ಉಪಾಯ. ನಿಲ್ಲಬಾರದು, ಓಡಬಾರದು, ಒಂದೇ ಸಮ ನಿಧಾನವಾಗಿ ನಡೆಯುತ್ತಿರಬೇಕು. ಸ್ಕೂಟರ್‌ಗಳು ಬಂಡೆಯ ಸುತ್ತ ನೀರು ಹರಿದ ಹಾಗೆ ನಮ್ಮ ಸುತ್ತ ಹರಿಯುತ್ತವೆ. ನಾನು ನಡುವೆ ನಿಂತೆ. ಒಂದು ಅಜ್ಜಿ ನನ್ನ ತೋಳು ಹಿಡಿದು ಆಚೆ ದಡ ಸೇರಿಸಿದರು.

ಸೇರಿಸಿದ್ದು ಒಂದು ಓಣಿಯ ಬಾಯಿಗೆ. ಎರಡು ಅಂಗಡಿಗಳ ಮಧ್ಯೆ ಒಬ್ಬರು ಹೋಗುವಷ್ಟೇ ಜಾಗ, ಥೇಟ್ ನಮ್ಮ ಹಳೇ ವಠಾರದ ಬಾಗಿಲು. ಒಳಗಿನಿಂದ ಕಾಫಿ ಹುರಿದ ವಾಸನೆ. ಓಣಿ ದಾಟಿ, ಸೈಕಲ್ ದಾಟಿ, ಒಣಗಿ ಹಾಕಿದ ಬಟ್ಟೆಯ ಅಡಿ ಬಗ್ಗಿ, ಕತ್ತಲೆ ಮೆಟ್ಟಿಲು ಹತ್ತಿದೆವು. "ರೀ, ಇದು ಯಾರದೋ ಮನೆ" ಅಂತ ಅವಳು ಪಿಸುಗುಟ್ಟಿದಳು. ಮೇಲೆ ನೋಡಿದರೆ ಕೋಣೆ ತುಂಬ ಜನ! ಮೊಣಕಾಲು ಗದ್ದಕ್ಕೆ ತಾಗುವಷ್ಟು ಕುಳ್ಳು ಸ್ಟೂಲುಗಳ ಮೇಲೆ ಎಲ್ಲರೂ ಕೂತು ಹರಟುತ್ತಿದ್ದರು. ಕೂತೆವು. ಏಳುವ ಚಿಂತೆ ಆಮೇಲೆ.

ಬಹಳ ಜನರ ಮುಂದೆ ಹಳದಿ ನೊರೆಯ ಕಾಫಿ ಇತ್ತು. ಪಟ್ಟಿಯಲ್ಲಿ 'ಕಾ ಫೆ' ಅಂತ ಇರುವ ಒಂದು ಸಾಲನ್ನು ಆ ನೊರೆಯ ಕಡೆ ಕೈ ತೋರಿಸಿ ಖಚಿತಪಡಿಸಿಕೊಂಡೆ. ಪಕ್ಕದ 'ಚುಂಗ್' ಅನ್ನುವ ಪದ ಅಂಗಡಿ ಯಜಮಾನರ ಹೆಸರಿರಬೇಕು ಅಂದುಕೊಂಡೆ. ಕಪ್ಪಿಗೆ 35 ಸಾವಿರ ಡಾಂಗ್. ಸೊನ್ನೆಗಳನ್ನು ನೋಡಿ ಗಾಬರಿಯಾಗಿ, ರೂಢಿಯಂತೆ ಬೈಟು ಹೇಳಿದೆ. ಮೊದಲು ಒಂದು ಬೆರಳು ತೋರಿಸಿದೆ, ಆಮೇಲೆ ಎರಡು. ಹುಡುಗಿ ಕೂಡಿ ಲೆಕ್ಕ ಹಾಕಿದಳು. ಮೂರು ಕಪ್ ಬಂತು.

ಎರಡು ಕಪ್ಪುಗಳು ಒಂದೊಂದು ಬಟ್ಟಲಿನಲ್ಲಿ ಕೂತಿದ್ದವು. ಮೂರನೆಯದಕ್ಕೆ ಬಟ್ಟಲು ಸಾಲದೆ ಬಂದಿರಬೇಕು, ಅದನ್ನು ಹಾಗೇ ಇಟ್ಟಳು. ಬಟ್ಟಲು ನೋಡಿದ ತಕ್ಷಣ ನನಗೆ ಕಣ್ಣು ತುಂಬಿ ಬಂತು. ಇಷ್ಟು ದೂರದಲ್ಲೂ ಲೋಟದ ಜೊತೆ ಬಟ್ಟಲು ಕೊಡುವ ಸಂಸ್ಕಾರ! ಅಕ್ಕಪಕ್ಕದವರಿಗೂ ಕಾಣಲಿ ಅಂತ ಕಪ್ಪನ್ನು ಒಂದು ಗೇಣು ಮೇಲೆತ್ತಿ, ನಮ್ಮೂರಿನ ಶೈಲಿಯಲ್ಲಿ ಬಟ್ಟಲಿಗೆ ಸುರಿದೆ.

ಮೊದಲು ಏನೂ ಬೀಳಲಿಲ್ಲ. ಆಮೇಲೆ ನೊರೆಯೆಲ್ಲ ಒಂದೇ ಮುದ್ದೆಯಾಗಿ ದೊಪ್ಪೆಂದು ಬಿತ್ತು, ಹಿಂದೆಯೇ ಕಾಫಿ. ಬಟ್ಟಲಿನಲ್ಲಿ ಅದಾಗಲೇ ಬಿಸಿನೀರು ಇತ್ತು. ಅದರಲ್ಲಿ ಅರ್ಧ ನನ್ನ ಪ್ಯಾಂಟಿನ ಮೇಲೆ ಬಂತು. ಕೋಣೆ ಒಂದು ಕ್ಷಣ ಸುಮ್ಮನಾಯಿತು.

ಪಕ್ಕದ ಸ್ಟೂಲಿನ ಹುಡುಗನಿಗೆ ಇಂಗ್ಲಿಷ್ ಬರುತ್ತಿತ್ತು. ಆ ನೀರು ಕಪ್ಪು ಆರದೇ ಇರಲಿ ಅಂತ ಇಡುವುದಂತೆ. ನಾವು ಆರಿಸೋಕೆ ಬಟ್ಟಲು ಇಟ್ಟರೆ ಅವರು ಆರದಿರಲಿ ಅಂತ ಇಡುತ್ತಾರೆ. ನೆಂಟಸ್ತನ ಅಲ್ಲಿಗೆ ಮುಗಿಯಿತು.

ಇತ್ತ ನನ್ನಾಕೆ ಚಮಚದಲ್ಲಿ ನೊರೆ ತಿನ್ನುತ್ತಿದ್ದಳು. "ರೀ, ಬಾಸುಂದಿ ಥರ ಇದೆ. ಹಾಲು ಎಷ್ಟು ಗಟ್ಟಿ ನೋಡಿ!" ಕೇಕಿನ ಡಬ್ಬಿಯ ಹಸಿರು ಚುಕ್ಕಿಯನ್ನು ಕನ್ನಡಕ ಹಾಕಿಕೊಂಡು ಹುಡುಕುವ ಹೆಂಗಸು ಅವಳು. ನಾನು ಪ್ಯಾಂಟು ಒರೆಸಿ ಮುಗಿಸಿ, ಅಷ್ಟರಲ್ಲಿ ಆರಿಹೋಗಿದ್ದ ಮೂರನೇ ಕಪ್ಪು ಎತ್ತಿದೆ. ಬಾಯಿಗೆ ತರುವ ಮೊದಲೇ ಮೂಗಿಗೆ ಬಂತು. ಸಣ್ಣಗೆ, ಆದರೆ ಅದೇ.

"ಏ, ಇಡು ಕೆಳಗೆ. ಇದರಲ್ಲಿ ಮೊಟ್ಟೆ ಇದೆ ಕಣೇ!"

ಹುಡುಗ ಹೌದೆಂದು ತಲೆಯಾಡಿಸಿದ. ಚುಂಗ್ ಅಂದರೆ ಮೊಟ್ಟೆಯಂತೆ. 1946ರಲ್ಲಿ ಹಾಲು ಸಿಗದ ಕಾಲ. ಹನೋಯಿಯ ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸ ಮಾಡಿದ್ದ ಜಾಂಗ್ ಎಂಬವರು ಹಾಲಿನ ನೊರೆಗೆ ಬದಲಾಗಿ ಮೊಟ್ಟೆಯ ಹಳದಿಯನ್ನು ಕಡೆದು ಕಾಫಿಯ ಮೇಲೆ ಹಾಕಿದರಂತೆ. ಈಗ ಸಕ್ಕರೆ, ಕಂಡೆನ್ಸ್ಡ್ ಹಾಲೂ ಸೇರುತ್ತದೆ. ಬಿಸಿ ಇರುವಾಗ ಗೊತ್ತಾಗುವುದಿಲ್ಲ, ಆರಿದರೆ ಮೊಟ್ಟೆಯ ವಾಸನೆ ಬರುತ್ತದೆ, ಅದಕ್ಕೇ ಬಿಸಿನೀರಿನ ಬಟ್ಟಲು.

ನನ್ನಾಕೆ ಕಪ್ಪನ್ನು ನೋಡಿದಳು. ಮುಕ್ಕಾಲು ಖಾಲಿಯಾಗಿತ್ತು. "ಹಾಲಿಲ್ಲದಾಗ ಮಾಡಿದ್ದು. ಆಪದ್ಧರ್ಮ" ಅಂದಳು. ನಾನು ಉಸಿರು ಬಿಟ್ಟೆ. ಬಿಡಬಾರದಿತ್ತು.

"ಅದಿರಲಿ, ಮೊಟ್ಟೆ ವಾಸನೆ ನಿಮಗೆ ಹೇಗೆ ಗೊತ್ತು?"

ಮದುವೆಯಾಗಿ 27 ವರ್ಷ. ಆಫೀಸಿನ ಎದುರು ಒಂದು ಬೇಕರಿ ಇತ್ತು. ಸಂಜೆ ನಾಲ್ಕೂವರೆಗೆ ಅಲ್ಲಿ ಬಿಸಿ ಎಗ್ ಪಫ್ ಬರುತ್ತಿತ್ತು. ಓಡಿಹೋಗೋಣವೆಂದರೆ ಆ ಸ್ಟೂಲಿನಿಂದ ಏಳುವುದಕ್ಕೇ ಎರಡು ನಿಮಿಷ ಬೇಕು. ಅಷ್ಟರಲ್ಲಿ ಬಿಲ್ಲು ಬಂತು: ಒಂದು ಲಕ್ಷ ಐದು ಸಾವಿರ. ನಮ್ಮ ಲೆಕ್ಕಕ್ಕೆ ಮುನ್ನೂರೈವತ್ತರ ಆಸುಪಾಸು. ಆದರೂ ಕಾಫಿಗೆ ಲಕ್ಷ ಅಂತ ಬಾಯಿ ಬಿಟ್ಟು ಕೂಗಿ ಮಾತು ಬದಲಿಸಲು ನೋಡಿದೆ.

"ಲಕ್ಷ ಕೊಡಿ ಪರವಾಗಿಲ್ಲ" ಅಂದಳು. ನನ್ನ ಮುಂದಿದ್ದ ಮೂರನೇ ಕಪ್ಪನ್ನು ತನ್ನ ಖಾಲಿಯಾಗದ ಬಿಸಿನೀರಿನ ಬಟ್ಟಲಿಗೆ ಇಳಿಸಿದಳು. "ಈಗ ಹೇಳಿ. ದಿನಾ ತಿಂತಿದ್ರಾ, ಇಲ್ಲಾ ಶನಿವಾರ ಬಿಡ್ತಿದ್ರಾ?"