ಐದು ಡಾಲರ್ ಟಿಕೆಟ್ಟು, ಕೈಮೇಲೆ ಎಕ್ಸ್ ಗುರುತು

ವಾಷಿಂಗ್ಟನ್ ಡಿಸಿ ಅಂದ್ರೆ ಊರಿಂದ ಬರೋ ನೆಂಟರಿಗೆ ವೈಟ್ ಹೌಸು, ಮ್ಯೂಸಿಯಮ್ಮು, ಏಪ್ರಿಲ್ ಆದ್ರೆ ಚೆರ್ರಿ ಹೂವು, ಅಲ್ಲಿಗೆ ಮುಗೀತು. ನಾನು ಇರೋದು ನದಿ ಈಚೆ ವರ್ಜೀನಿಯಾದಲ್ಲಿ. ಇಲ್ಲಿನವರನ್ನ ಈ ಊರಿನ ಸಂಗೀತ ಯಾವ್ದಪ್ಪಾ ಅಂತ ಕೇಳಿದ್ರೆ ಒಂದಷ್ಟು ಜನ ಹೇಳೋ ಹೆಸರು ಮೈನರ್ ಥ್ರೆಟ್. 1980ರಿಂದ 1983, ಮೂರೇ ವರ್ಷ ಇದ್ದ ಹಾರ್ಡ್‌ಕೋರ್ ಪಂಕ್, ಅಂದ್ರೆ ರಾಕ್ ಸಂಗೀತಾನ ಒರಟಾಗಿ, ಭಾರಿ ವೇಗದಲ್ಲಿ ನುಡಿಸೋ ಬ್ಯಾಂಡು, ಅವರ ಹಾಡೆಲ್ಲಾ ಸೇರಿಸಿದ್ರೂ ಒಂದು ಸಿಡಿ ತುಂಬಲ್ಲ. ಆ ವೇಗ ಅವರಿಗೆ ಬಂದಿದ್ದು ಬ್ಯಾಡ್ ಬ್ರೈನ್ಸ್ ನೋಡಿ, ಜಾಝ್ ಫ್ಯೂಷನ್ ನುಡಿಸ್ತಿದ್ದ ಆಫ್ರಿಕನ್ ಅಮೆರಿಕನ್ ಹುಡುಗರು ಪಂಕ್‌ಗೆ ತಿರುಗಿ ಕಟ್ಟಿದ ಬ್ಯಾಂಡು ಅದು, ಇದನ್ನ ಬಹಳ ಜನ ಹೇಳೋದೇ ಮರೀತಾರೆ.

ನಮ್ಮವರಿಗೆ ಮೈನರ್ ಥ್ರೆಟ್ ಬಗ್ಗೆ ಹೇಳಿದ್ರೆ ಇಷ್ಟ ಆಗೋದು ಒಂದೇ ವಿಷ್ಯ, ಹಾಡುಗಾರ ಇಯಾನ್ ಮೆಕೈ ಕುಡಿಯಲ್ಲ ಸೇದಲ್ಲ ಅಂತ. ಸ್ಟ್ರೇಟ್ ಎಡ್ಜ್ ಅಂತ ಒಂದು ನಿಮಿಷಾನೂ ಇಲ್ಲದ ಹಾಡು ಬರೆದ, ಅದನ್ನ ಹಿಡ್ಕೊಂಡು ಎಲ್ಲೆಲ್ಲೋ ಹುಡುಗರು ಒಂದು ಪಂಥಾನೇ ಮಾಡ್ಕೊಂಡ್ರು, ಚಳವಳಿ ಕಟ್ಟೋಕೆ ಬರೆದಿದ್ದಲ್ಲ ಮಾರಾಯ್ರೇ ಅಂತ ಅವನೇ ಎಷ್ಟೋ ಸಲ ಹೇಳಿದಾನೆ. ನನಗೆ ಅದಕ್ಕಿಂತ ದೊಡ್ಡದು ಅನ್ಸೋದು ಅವರ ದುಡ್ಡಿನ ಲೆಕ್ಕ ಮತ್ತೆ ಬಾಗಿಲು ಕಾಯೋ ರೀತಿ.

ಮೈನರ್ ಥ್ರೆಟ್‌ಗೂ ಮುಂಚೆ ಮೆಕೈ, ಡ್ರಮ್ಮರ್ ಜೆಫ್ ನೆಲ್ಸನ್ ಇಬ್ರೂ ಟೀನ್ ಐಡಲ್ಸ್ ಅನ್ನೋ ಬ್ಯಾಂಡಲ್ಲಿದ್ರು. ಷೋಗಳಿಂದ ಬಂದ ಪುಡಿಗಾಸು ಹಂಚ್ಕೊಳ್ದೆ ಡಬ್ಬಿಗೆ ಹಾಕಿ, ಬ್ಯಾಂಡ್ ಒಡೆದ ಮೇಲೆ ಆ ದುಡ್ಡಲ್ಲೇ ಒಂದು ರೆಕಾರ್ಡ್ ಹೊರಗೆ ತಂದ್ರು, ಡಿಸ್ಕಾರ್ಡ್ ರೆಕಾರ್ಡ್ಸ್ ಅನ್ನೋ ಅವರದೇ ರೆಕಾರ್ಡ್ ಕಂಪನಿ ಶುರುವಾಗಿದ್ದು ಹಾಗೆ. ಕವರ್ ಮಾಡಿಸೋಕೆ ದುಡ್ಡಿಲ್ಲ, ಇಂಗ್ಲೆಂಡಿನ ಒಂದು ರೆಕಾರ್ಡಿನ ಕವರ್ ಬಿಚ್ಚಿ ಹರಡಿ, ಅದರ ಅಳತೆ ಎಳ್ಕೊಂಡು, ಕೂತು ಕತ್ತರಿಸಿ ಮಡಚಿ ಅಂಟಿಸಿದಾರೆ, ಒಂದೊಂದಾಗಿ. ತಲೆಮೇಲೆ ಪುಸ್ತಕ ಹೊತ್ತು ಊರೂರಲ್ಲಿ ಮಾರಿದ ಗಳಗನಾಥರನ್ನ ಕಂಡ ನಾಡಿನವರಿಗೆ ಈ ಕೆಲಸ ಏನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಕೈಮೇಲಿನ ಆ ಎಕ್ಸ್ ಗುರುತಿನ ಕಥೇನೂ ಈ ಟೀನ್ ಐಡಲ್ಸ್ ಹುಡುಗರದ್ದೇ. 1980ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮಬುಹೇ ಗಾರ್ಡನ್ಸ್ ಕ್ಲಬ್ಬಲ್ಲಿ ಕುಡಿಯೋ ವಯಸ್ಸಾಗದ ಹುಡುಗರ ಕೈಮೇಲೆ ಕಪ್ಪಗೆ ಎಕ್ಸ್ ಬರೆದು ಒಳಗೆ ಬಿಟ್ರಂತೆ, ಅದನ್ನೇ ಇಲ್ಲಿಗೆ ತಂದು ಕ್ಲಬ್ಬಿನವರ ಹತ್ರ ಹಟ ಹಿಡಿದ್ರು, ಗುರುತು ಹಾಕಿ, ಕುಡಿಯೋಕೆ ಕೊಡ್ಬೇಡಿ, ಹಾಡು ಕೇಳೋಕೆ ಮಾತ್ರ ಬಿಡಿ ಅಂತ. ಆಮೇಲೆ ಮೆಕೈ ಕಟ್ಟಿದ ಫುಗಾಝಿ ಬ್ಯಾಂಡು ಇದನ್ನೇ ಇನ್ನೂ ಬಿಗಿ ಮಾಡ್ತು, ಎಲ್ಲಾ ವಯಸ್ಸಿನವರಿಗೂ ಪ್ರವೇಶ, ಟಿಕೆಟ್ ಐದು ಡಾಲರ್ ಆಸುಪಾಸು, ಟೀ ಷರ್ಟ್ ವ್ಯಾಪಾರ ಇರ್ಲಿಲ್ಲ, ಸಿಡಿ ಮೇಲೆ ಪೋಸ್ಟೇಜ್ ಸೇರಿಸಿದ ಬೆಲೆ ಅಚ್ಚಾಗಿರ್ತಿತ್ತು, ಅಂಗಡಿಯವನು ಜಾಸ್ತಿ ಕೇಳಿದ್ರೆ ಗಿರಾಕಿಗೇ ಗೊತ್ತಾಗ್ಲಿ ಅಂತ. ಊರಿನ ಫೋರ್ಟ್ ರೀನೋ ಪಾರ್ಕಲ್ಲಿ ಆಡಿದ್ದು ಪೂರ್ತಿ ಫ್ರೀ.

ಈಗ ನಮ್ಮ ಕನ್ನಡ ಸಂಘದ ಕಾರ್ಯಕ್ರಮಗಳು ನೋಡಿ. ಊರಿನ ಹೆಸರು ಬೇಡ ಬಿಡಿ, ಹೊರನಾಡಲ್ಲಿ ಇರೋರಿಗೆಲ್ಲ ಗೊತ್ತಿರೋದೇ. ಗೋಲ್ಡು, ಪ್ಲಾಟಿನಮ್ಮು ಅಂತ ಸ್ಪಾನ್ಸರ್ ದರ್ಜೆ, ಮುಂದಿನ ಎರಡು ಸಾಲು ರಿಸರ್ವ್ಡು, ದೀಪ ಬೆಳಗೋಕೆ ಎಂಟು ಜನ, ಸನ್ಮಾನ, ಸನ್ಮಾನಕ್ಕೆ ಕೃತಜ್ಞತೆ, ಅದಕ್ಕೊಂದು ವಂದನಾರ್ಪಣೆ, ಮಕ್ಕಳ ಐಟಂ ಬರೋ ಹೊತ್ತಿಗೆ ಹೊರಗೆ ಬಿಸಿಬೇಳೆಬಾತಿಗೆ ಕ್ಯೂ ನಿಂತಿರತ್ತೆ. ಹದಿನಾರು ವರ್ಷದ ಹುಡುಗರಿಗಂತೂ ಅಲ್ಲಿ ಕೆಲಸ ಅಂದ್ರೆ ಕುರ್ಚಿ ಜೋಡಿಸೋದು. ಹಾಗಂತ ಡಿಸ್ಕಾರ್ಡಿನವರನ್ನ ದೇವರು ಮಾಡೋದೂ ಬೇಡ, ಅವರಲ್ಲಿ ಸುಮಾರು ಜನ ಅನುಕೂಲಸ್ಥರ ಮಕ್ಕಳು, ಸೋತು ಬಂದ್ರೆ ಮನೇಲಿ ಊಟ ಇತ್ತು. ನಮ್ಮ ಸಂಘದವರೂ ಸಂಬಳ ಇಲ್ದೆ ದುಡೀತಾರೆ, ಹಾಲ್ ಬಾಡಿಗೆ, ಇನ್ಶೂರೆನ್ಸು ಎಲ್ಲಾ ನಂಗೊತ್ತು, ನಾನೂ ಚೀಟಿ ಹರಿದಿದೀನಿ. ಆದ್ರೆ ಅವರು ಖರ್ಚು ಇಳಿಸಿ ಬಾಗಿಲು ಅಗಲ ಮಾಡಿದ್ರು, ನಾವು ಪ್ರತಿ ವರ್ಷ ಸ್ಟೇಜ್ ದೊಡ್ಡದು ಮಾಡಿ ಬಾಗಿಲಲ್ಲಿ ರೇಟ್ ಏರಿಸ್ತಿದೀವಿ.

ಈ ಸಲ ಕಮಿಟಿಯವರಿಗೆ ಬರೆದು ಕೊಟ್ಟಿದೀನಿ. ರಾಜ್ಯೋತ್ಸವದ ಮಾರನೇ ದಿನ ಲೈಬ್ರರಿ ರೂಮೊಂದನ್ನ ಹುಡುಗರಿಗೆ ಬಿಡಿ, ಐದು ಡಾಲರ್ ಟಿಕೆಟ್ಟು, ಏನು ಹಾಡ್ಬೇಕು ಅಂತ ಅವರೇ ತೀರ್ಮಾನಿಸ್ಲಿ, ಕನ್ನಡ ಅರ್ಧಂಬರ್ಧ ಆದ್ರೂ ಪರ್ವಾಗಿಲ್ಲ. ಮುಖ್ಯ ಅತಿಥಿ ಯಾರು ಅಂತ ವಾಪಸ್ ಕೇಳಿದಾರೆ.